ಒತ್ತು, ಕೊಂಬು ಕಳೆದುಹೋದದ್ದು ಎಲ್ಲಿ? ಇನ್‌ಪುಟ್, ಔಟ್‌ಪುಟ್ ಸ್ಟ್ರೀಮ್‌ಗಳು ಕೆಲಸ ಮಾಡುವ ಬಗೆ

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ದೇಣಿಗೆ ಕೊಟ್ಟವರ ಪಟ್ಟಿಯನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಹೆಸರುಗಳೆಲ್ಲ ಕನ್ನಡದಲ್ಲಿ ಒಂದು ಫೈಲಿನಲ್ಲಿದ್ದವು. ಅವನ್ನು ಓದಿ, ಬೀದಿವಾರು ವಿಂಗಡಿಸಿ, ಇನ್ನೊಂದು ಫೈಲಿಗೆ ಬರೆಯುವ ಪುಟ್ಟ ಪ್ರೋಗ್ರಾಮೊಂದನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಲಕ್ಷಣವಾಗಿ ನಡೆಯಿತು. ಸಮಿತಿಯವರ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮ್ ನಡೆಸಿದಾಗ ಹೊರಬಂದ ಪಟ್ಟಿ ಮಾತ್ರ ವಿಚಿತ್ರವಾಗಿತ್ತು. ರಮ, ಗೀತಾ, ಕಮಲ, ರಮೇಶ ಇವರೆಲ್ಲ ಕ್ಷೇಮವಾಗಿದ್ದರು. ಲಕ್ಷ್ಮಿ, ಸುಮ, ಮಂಜುನಾಥ ಇವರು ಒಡೆದುಹೋಗಿದ್ದರು. ಒತ್ತಕ್ಷರ ಇದ್ದಲ್ಲೆಲ್ಲ, ಉಕಾರದ ಕೊಂಬು ಇದ್ದಲ್ಲೆಲ್ಲ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕದಲ್ಲಿ ಬರಿಯ ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ ಕುಳಿತಿದ್ದವು.

ಇಡೀ ಪಟ್ಟಿ ಹಾಳಾಗಿದ್ದರೆ ಫಾಂಟ್ ಇಲ್ಲವೆಂದು ಸುಮ್ಮನಾಗಬಹುದಿತ್ತು. ಒತ್ತು ಮತ್ತು ಕೊಂಬನ್ನೇ ಆರಿಸಿ ತಿಂದ ದೋಷಕ್ಕೆ ಕಾರಣ ಬೇರೆಯೇ ಇರಬೇಕು. ಆ ಕಾರಣ ಇರುವುದು ಪ್ರೋಗ್ರಾಮುಗಳು ಹೊರಜಗತ್ತಿನಿಂದ ಮಾಹಿತಿಯನ್ನು ಒಳಗೆ ತರುವ ಮತ್ತು ಒಳಗಿನದನ್ನು ಹೊರಗೆ ಕಳಿಸುವ ದಾರಿಯಲ್ಲಿ. ಆ ದಾರಿಗೆ ಸ್ಟ್ರೀಮ್ ಎಂದು ಹೆಸರು. ಬಿ.ಸಿ.ಎ., ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಆದರೆ ಕನ್ನಡದಲ್ಲಿ ಹೆಸರು, ವಿಳಾಸ, ಲೆಕ್ಕ ಇಟ್ಟುಕೊಳ್ಳುವ ಯಾರಿಗೇ ಆದರೂ ಒಂದಲ್ಲ ಒಂದು ದಿನ ಇದರ ಬಿಸಿ ತಟ್ಟುತ್ತದೆ.

ಸ್ಟ್ರೀಮ್ ಎಂದರೆ ಏನು

ಕಂಪ್ಯೂಟರಿನಲ್ಲಿರುವ ಪ್ರತಿಯೊಂದು ಮಾಹಿತಿಯೂ, ಅದು ಪದ್ಯವಿರಲಿ, ಫೋಟೋ ಇರಲಿ, ಹಾಡಿರಲಿ, ಕೊನೆಗೆ ಬೈಟ್‌ಗಳ ಸಾಲು. ಒಂದು ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಈ ಬೈಟ್‌ಗಳು ಒಂದರ ಹಿಂದೊಂದು, ಕ್ರಮ ತಪ್ಪದೆ, ಒಂದೇ ದಿಕ್ಕಿನಲ್ಲಿ ಹರಿದುಬರುವ ವ್ಯವಸ್ಥೆಯನ್ನು ಸ್ಟ್ರೀಮ್ ಎನ್ನುತ್ತಾರೆ. ಮೊದಲು ಬಂದದ್ದು ಮೊದಲು ಸಿಗುತ್ತದೆ. ಸಾಮಾನ್ಯವಾಗಿ ಒಮ್ಮೆ ಓದಿದ ಬೈಟ್ ಮತ್ತೆ ಬರುವುದಿಲ್ಲ. ಇನ್ನು ಎಷ್ಟು ಉಳಿದಿದೆ ಎಂಬುದು ಓದುವವನಿಗೆ ಮುಂಚಿತವಾಗಿ ತಿಳಿದಿರಬೇಕೆಂದೂ ಇಲ್ಲ.

ಇನ್‌ಪುಟ್ ಯಾವುದು, ಔಟ್‌ಪುಟ್ ಯಾವುದು ಎಂಬಲ್ಲಿ ಹೊಸಬರು ಮುಗ್ಗರಿಸುವುದುಂಟು. ಫೈಲಿನಿಂದ ಮಾಹಿತಿ 'ಹೊರಗೆ' ಬರುತ್ತದಲ್ಲ, ಅದು ಔಟ್‌ಪುಟ್ ಅಲ್ಲವೇ ಎಂದು ಕೇಳುತ್ತಾರೆ. ಎರಡನ್ನೂ ಪ್ರೋಗ್ರಾಮಿನ ಒಳಗೆ ನಿಂತು ನೋಡಬೇಕು. ಪ್ರೋಗ್ರಾಮಿನ ಒಳಕ್ಕೆ ಬರುವುದು ಇನ್‌ಪುಟ್, ಪ್ರೋಗ್ರಾಮಿನಿಂದ ಆಚೆ ಹೋಗುವುದು ಔಟ್‌ಪುಟ್. ಫೈಲನ್ನು ಓದುವುದು ಇನ್‌ಪುಟ್, ಫೈಲಿಗೆ ಬರೆಯುವುದು ಔಟ್‌ಪುಟ್.

ಬೆಂಗಳೂರಿನ ಮನೆಯೊಂದರ ನೀರಿನ ವ್ಯವಸ್ಥೆಯನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಇದು ಸುಲಭವಾಗುತ್ತದೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬಂದ ಕಾವೇರಿ ನೀರು ಒಂದು ದಿನ, ಬೋರ್‌ವೆಲ್ ನೀರು ಇನ್ನೊಂದು ದಿನ, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸುವವರು ಅದಾವುದನ್ನೂ ಕೇಳುವುದಿಲ್ಲ. ನಲ್ಲಿ ತಿರುಗಿಸುವ ರೀತಿ ಒಂದೇ, ನೀರು ಬೀಳುವ ರೀತಿಯೂ ಒಂದೇ. ಮೂಲ ಬದಲಾದಾಗ ನಲ್ಲಿಯನ್ನು ಬದಲಿಸಬೇಕಿಲ್ಲ ಎಂಬುದೇ ಈ ವ್ಯವಸ್ಥೆಯ ಜೀವಾಳ.

ಈ ಕಲ್ಪನೆ ಎಲ್ಲಿಂದ ಬಂತು

ಕಂಪ್ಯೂಟರುಗಳ ಆರಂಭದ ದಿನಗಳಲ್ಲಿ ಪ್ರೋಗ್ರಾಮ್ ಬರೆಯುವವನಿಗೆ ತನ್ನ ಮಾಹಿತಿ ಪಂಚ್ ಕಾರ್ಡಿನಿಂದ ಬರುತ್ತದೆಯೋ, ಮ್ಯಾಗ್ನೆಟಿಕ್ ಟೇಪಿನಿಂದ ಬರುತ್ತದೆಯೋ ಎಂಬುದು ಗೊತ್ತಿರಬೇಕಾಗಿತ್ತು. ಸಾಧನ ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕಾಗುತ್ತಿತ್ತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ಲಸ್ ಮೆಕ್‌ಇಲ್‌ರಾಯ್ 1964ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ತೋಟದ ನೀರಿನ ಪೈಪಿಗೆ ಇನ್ನೊಂದು ತುಂಡನ್ನು ತಿರುಪಿ ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು ಸೂಚಿಸಿದರು. 1973ರಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ 'ಪೈಪ್' ಸೌಲಭ್ಯವನ್ನು ಸೇರಿಸಿದಾಗ ಆ ಸೂಚನೆ ಕೈಗೂಡಿತು. ಅಂದರೆ ಮೇಲಿನ ನಲ್ಲಿಯ ಹೋಲಿಕೆಯನ್ನು ನಾನು ಹೊಸದಾಗಿ ತಂದಿಲ್ಲ. ಕೊಳಾಯಿಯ ಭಾಷೆ ಈ ವಿಷಯದ ಜೊತೆಗೇ ಹುಟ್ಟಿದ್ದು.

ಯೂನಿಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾಗುವಾಗಲೇ ಮೂರು ಸ್ಟ್ರೀಮ್‌ಗಳು ತೆರೆದಿರುತ್ತವೆ: 0 ಎಂಬ ಸಂಖ್ಯೆಯ ಸ್ಟ್ಯಾಂಡರ್ಡ್ ಇನ್‌ಪುಟ್, 1 ಎಂಬ ಸಂಖ್ಯೆಯ ಸ್ಟ್ಯಾಂಡರ್ಡ್ ಔಟ್‌ಪುಟ್, 2 ಎಂಬ ಸಂಖ್ಯೆಯ ಸ್ಟ್ಯಾಂಡರ್ಡ್ ಎರರ್. ಹೊರಹರಿವಿಗೆ ಎರಡು ದಾರಿ ಏಕೆಂದರೆ, ಕೆಲಸದ ಫಲಿತಾಂಶವನ್ನು ಫೈಲಿಗೆ ತಿರುಗಿಸಿದಾಗಲೂ ದೋಷದ ಸಂದೇಶಗಳು ಅದರೊಳಗೆ ಬೆರೆಯದೆ ಪರದೆಯ ಮೇಲೆ ಬೇರೆಯಾಗಿ ಕಾಣಿಸಬೇಕು. ಬಚ್ಚಲ ನೀರಿಗೂ ಮಳೆ ನೀರಿಗೂ ಬೇರೆ ಬೇರೆ ಕೊಳವೆ ಇಟ್ಟಂತೆ.

ಇದಕ್ಕೆ ಆಬ್ಜೆಕ್ಟ್ ಏಕೆ ಬೇಕು

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದರೆ ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿ 'ಆಬ್ಜೆಕ್ಟ್' ಎಂಬ ಘಟಕವಾಗಿ ನೋಡುವ ಪದ್ಧತಿ. ಆಬ್ಜೆಕ್ಟಿನ ನೀಲನಕ್ಷೆಗೆ ಕ್ಲಾಸ್ ಎಂದೂ ಅದು ಮಾಡುವ ಕೆಲಸಕ್ಕೆ ಮೆಥಡ್ ಎಂದೂ ಹೆಸರು. ಸ್ಟ್ರೀಮ್‌ನ ಕಲ್ಪನೆ ಈ ಪದ್ಧತಿಗೆ ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ. 1980ರ ದಶಕದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ತಮ್ಮ ಸಿ ಪ್ಲಸ್ ಪ್ಲಸ್ ಭಾಷೆಗೆ ಸ್ಟ್ರೀಮ್ ಲೈಬ್ರರಿಯನ್ನು ರೂಪಿಸಿದರು. ಜೆರ್ರಿ ಶ್ವಾರ್ಜ್ ಅದನ್ನು ಮುಂದೆ ಮರುವಿನ್ಯಾಸಗೊಳಿಸಿದರು. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಬರೆಯುವ 'ಸಿ ಔಟ್', 'ಸಿ ಇನ್' ಆ ಲೈಬ್ರರಿಯ ಸ್ಟ್ರೀಮ್ ಆಬ್ಜೆಕ್ಟುಗಳೇ. ಆದರೆ ಈ ವಿನ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಜಾವಾದಲ್ಲಿ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಮುಂದಿನ ಉದಾಹರಣೆಗಳೆಲ್ಲ ಅದರಿಂದಲೇ.

1996ರಲ್ಲಿ ಹೊರಬಂದ ಜಾವಾದ ಮೊದಲ ಆವೃತ್ತಿಯಲ್ಲೇ ಇನ್‌ಪುಟ್‌ಸ್ಟ್ರೀಮ್, ಔಟ್‌ಪುಟ್‌ಸ್ಟ್ರೀಮ್ ಎಂಬ ಎರಡು ಕ್ಲಾಸುಗಳಿದ್ದವು. ಇವೆರಡೂ ಅಬ್‌ಸ್ಟ್ರಾಕ್ಟ್ ಕ್ಲಾಸುಗಳು. ಅಂದರೆ ಇವುಗಳಿಂದ ನೇರವಾಗಿ ಆಬ್ಜೆಕ್ಟ್ ತಯಾರಿಸಲಾಗದು. ಇನ್‌ಪುಟ್‌ಸ್ಟ್ರೀಮ್ ಹೇಳುವುದು ಮುಖ್ಯವಾಗಿ ಇಷ್ಟೇ: ನನ್ನ ವಂಶದಲ್ಲಿ ಹುಟ್ಟುವ ಯಾರೇ ಆಗಲಿ, 'ರೀಡ್' ಎಂದು ಕೇಳಿದಾಗ ಮುಂದಿನ ಒಂದು ಬೈಟನ್ನು ಕೊಡಬೇಕು. ಹೇಗೆ ಕೊಡಬೇಕೆಂಬುದು ಆಯಾ ಮಕ್ಕಳಿಗೆ ಬಿಟ್ಟದ್ದು. ಫೈಲ್‌ಇನ್‌ಪುಟ್‌ಸ್ಟ್ರೀಮ್ ಡಿಸ್ಕಿನಿಂದ ತಂದುಕೊಡುತ್ತದೆ. ನೆಟ್‌ವರ್ಕ್ ಸಾಕೆಟ್ ಕೊಡುವ ಸ್ಟ್ರೀಮ್ ದೂರದ ಸರ್ವರಿನಿಂದ ತರುತ್ತದೆ. ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್ ಎಲ್ಲಿಗೂ ಹೋಗದೆ ಮೆಮೊರಿಯಲ್ಲೇ ಇರುವ ಬೈಟ್‌ಗಳನ್ನು ಒಂದೊಂದಾಗಿ ಕೊಡುತ್ತದೆ. ಹೆಸರುಗಳ ಪಟ್ಟಿಯನ್ನು ವಿಂಗಡಿಸುವ ನನ್ನ ಮೆಥಡ್ 'ನನಗೊಂದು ಇನ್‌ಪುಟ್‌ಸ್ಟ್ರೀಮ್ ಕೊಡಿ' ಎಂದಷ್ಟೇ ಕೇಳಿದರೆ, ಈ ಮೂರರಲ್ಲಿ ಯಾವುದನ್ನು ಕೊಟ್ಟರೂ ಅದು ನಡೆಯುತ್ತದೆ. ಪಠ್ಯಪುಸ್ತಕಗಳು ಪಾಲಿಮಾರ್ಫಿಸಂ ಎಂದು ಕರೆಯುವುದು ಇದನ್ನೇ. ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ, ನಲ್ಲಿ ಒಂದೇ.

'ರೀಡ್' ಮೆಥಡ್ಡಿನಲ್ಲಿ ಒಂದು ಸೂಕ್ಷ್ಮವಿದೆ. ಅದು ಕೊಡುವುದು ಒಂದು ಬೈಟ್ ಆದರೂ, ಉತ್ತರವನ್ನು ಬೈಟ್ ಎಂಬ ಚಿಕ್ಕ ಡಬ್ಬಿಯಲ್ಲಿ ಕೊಡದೆ ಇಂಟ್ ಎಂಬ ದೊಡ್ಡ ಡಬ್ಬಿಯಲ್ಲಿ ಕೊಡುತ್ತದೆ. ಸ್ಟ್ರೀಮ್ ಮುಗಿದಿದೆ ಎಂದು ಹೇಳಲು ಒಂದು ಸಂಕೇತ ಬೇಕು. 0ಯಿಂದ 255ರವರೆಗಿನ ಪ್ರತಿ ಸಂಖ್ಯೆಯೂ ನಿಜವಾದ ಮಾಹಿತಿ ಆಗಿರಬಹುದಾದ್ದರಿಂದ ಆ 256ರಲ್ಲಿ ಯಾವುದನ್ನೂ 'ಮುಗಿಯಿತು' ಎನ್ನಲು ಬಳಸುವಂತಿಲ್ಲ. ಹಾಗಾಗಿ ಆ ವ್ಯಾಪ್ತಿಯ ಹೊರಗಿನ -1 ಎಂಬ ಸಂಖ್ಯೆಯನ್ನು ಅದಕ್ಕೆ ಮೀಸಲಿಟ್ಟಿದ್ದಾರೆ. ಉತ್ತರವನ್ನು ಪರೀಕ್ಷಿಸುವ ಮೊದಲೇ ಚಿಕ್ಕ ಡಬ್ಬಿಗೆ ಸುರಿದುಕೊಂಡರೆ 255 ಎಂಬ ಬೈಟ್ ಕೂಡ -1 ಆಗಿ ಕಾಣುತ್ತದೆ, ಏಕೆಂದರೆ ಜಾವಾದ ಬೈಟ್ -128ರಿಂದ 127ರವರೆಗೆ ಮಾತ್ರ ಎಣಿಸುತ್ತದೆ. ಫೋಟೋ ಫೈಲೊಂದು ಅರ್ಧಕ್ಕೇ ನಿಂತುಹೋಗಲು ಇಷ್ಟು ಸಾಕು.

ಮುಗಿಯುವುದು ಬೇರೆ, ಕೆಡುವುದು ಬೇರೆ. ಟ್ಯಾಂಕಿನ ನೀರು ಖಾಲಿಯಾದರೆ ಅದು -1. ಪೈಪೇ ಒಡೆದರೆ ಅದು ಎಕ್ಸೆಪ್ಶನ್, ಅಂದರೆ ಕೆಲಸ ಕೆಟ್ಟಿತೆಂಬ ಸೂಚನೆ. ಫೈಲನ್ನು ಓದುತ್ತಿರುವಾಗ ಪೆನ್‌ಡ್ರೈವ್ ಕಿತ್ತರೆ, ಸಂಪರ್ಕದಲ್ಲಿದ್ದಾಗ ಇಂಟರ್ನೆಟ್ ಹೋದರೆ, ಸ್ಟ್ರೀಮ್ ಎಕ್ಸೆಪ್ಶನ್ ಎಸೆದು ಕೆಲಸ ನಿಲ್ಲಿಸುತ್ತದೆ. ನೀರು ಮುಗಿಯದೆ, ಪೈಪೂ ಒಡೆಯದೆ, ಸುಮ್ಮನೆ ಇನ್ನೂ ಬಂದಿಲ್ಲದಿರುವ ಮೂರನೆಯ ಸ್ಥಿತಿಯೂ ಇದೆ. ಆಗ 'ರೀಡ್' ಕಾಯುತ್ತಾ ನಿಲ್ಲುತ್ತದೆ. ಕೀಬೋರ್ಡಿನಿಂದ ಓದುವ ಪ್ರೋಗ್ರಾಮ್ ನಾವು ಎಂಟರ್ ಒತ್ತುವವರೆಗೆ ಕೆಟ್ಟುನಿಂತಂತೆ ಕಾಣುವುದಕ್ಕೆ ಕಾರಣ ಇದೇ. ಅದು ಕೆಟ್ಟಿಲ್ಲ, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕುಳಿತಿದೆ. ಒಂದು ಬಿಂದಿಗೆ ಕೇಳಿದರೆ ಅರ್ಧ ಬಿಂದಿಗೆಯಷ್ಟೇ ಸಿಗುವುದೂ ಉಂಟು. 1,000 ಬೈಟ್ ಕೊಡು ಎಂದಾಗ ಸ್ಟ್ರೀಮ್ 400 ಕೊಟ್ಟು 'ಇದೋ 400' ಎಂದು ಹೇಳುತ್ತದೆ. ಆ ಸಂಖ್ಯೆಯನ್ನು ನೋಡದೆ ಬಿಂದಿಗೆ ತುಂಬಿದೆ ಎಂದುಕೊಳ್ಳುವ ಪ್ರೋಗ್ರಾಮು ಮನೆಯಲ್ಲಿ ಸರಿಯಾಗಿ ನಡೆದು ನಿಧಾನಗತಿಯ ನೆಟ್‌ವರ್ಕ್ ಸಿಕ್ಕ ದಿನ ಎಡವುತ್ತದೆ.

ಸಂಪ್ ಏಕೆ ಕಟ್ಟಿಸುತ್ತಾರೆ: ಬಫರ್‌ನ ಕೆಲಸ

ಪ್ರತಿ ಲೋಟ ನೀರಿಗೂ ಬೀದಿಯ ತುದಿಗೆ ಹೋಗಿಬರುವುದು ಅಸಾಧ್ಯವೇನಲ್ಲ, ಆದರೆ ದಿನವೆಲ್ಲ ಅದೇ ಆಗುತ್ತದೆ. ಅದಕ್ಕೇ ಮನೆಯ ಕೆಳಗೆ ಸಂಪ್ ಇರುತ್ತದೆ. ನೀರು ಬಂದಾಗ ಒಮ್ಮೆಗೇ ತುಂಬಿಸಿಕೊಂಡು ಬೇಕಾದಾಗ ಬೇಕಾದಷ್ಟು ಬಳಸುತ್ತೇವೆ. ಪ್ರೋಗ್ರಾಮಿಂಗ್‌ನಲ್ಲಿ ಈ ಸಂಪಿನ ಹೆಸರು ಬಫರ್.

ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಿಂದ ಒಂದೊಂದೇ ಬೈಟ್ ಓದಿದರೆ ಪ್ರತಿ ಬೈಟಿಗೂ ಪ್ರೋಗ್ರಾಮ್ ತನ್ನ ಕೆಲಸ ನಿಲ್ಲಿಸಿ ಆಪರೇಟಿಂಗ್ ಸಿಸ್ಟಮ್‌ನ ಬಾಗಿಲು ತಟ್ಟಬೇಕು. ಒಂದು ಎಂ.ಬಿ. ಫೈಲಿನಲ್ಲಿ 10,48,576 ಬೈಟ್‌ಗಳಿವೆ. ಅಷ್ಟೇ ಸಲ ಬಾಗಿಲು ತಟ್ಟಬೇಕಾಗುತ್ತದೆ. ಜಾವಾದ ಬಫರ್ಡ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿರುವ ಸಂಪಿನ ಸಾಮಾನ್ಯ ಅಳತೆ 8,192 ಬೈಟ್. ಅದನ್ನು ನಡುವೆ ಇಟ್ಟರೆ ಅದೇ ಫೈಲಿಗೆ 128 ಸಲ ತಟ್ಟಿದರೆ ಸಾಕು. ಪ್ರೋಗ್ರಾಮಿನ ಮಿಕ್ಕ ಒಂದು ಸಾಲೂ ಬದಲಾಗುವುದಿಲ್ಲ. ಅದು ಮೊದಲಿನಂತೆಯೇ ಒಂದೊಂದು ಬೈಟ್ ಕೇಳುತ್ತಿರುತ್ತದೆ, ಉತ್ತರ ಮಾತ್ರ ದೂರದ ಡಿಸ್ಕಿನ ಬದಲು ಪಕ್ಕದ ಸಂಪಿನಿಂದ ಬರುತ್ತದೆ.

ಬರೆಯುವಾಗಲೂ ಬಫರ್ ಇದೆ, ಅಲ್ಲಿ ಅದರ ಸ್ವಭಾವ ಸ್ವಲ್ಪ ಮೋಸದ್ದು. 'ರೈಟ್' ಎಂದಾಗ ಬೈಟ್‌ಗಳು ಫೈಲಿಗೆ ಹೋಗದೆ ಮೊದಲು ಬಫರಿನಲ್ಲಿ ಕೂಡಿಕೊಳ್ಳುತ್ತವೆ. ಅದು ತುಂಬಿದಾಗ ಮಾತ್ರ ಮುಂದಕ್ಕೆ ಹರಿಯುತ್ತವೆ. ತುಂಬುವ ಮೊದಲೇ ಪ್ರೋಗ್ರಾಮ್ ಮುಗಿದುಬಿಟ್ಟರೆ ಬಫರಿನಲ್ಲಿದ್ದದ್ದು ಅಲ್ಲೇ ಇಂಗಿಹೋಗುತ್ತದೆ. ನಾಲ್ಕಾರು ಹೆಸರುಗಳ ಪುಟ್ಟ ಪಟ್ಟಿಯನ್ನು ಬರೆಯಿಸಿ, ಪ್ರೋಗ್ರಾಮ್ ಯಾವ ದೂರೂ ಇಲ್ಲದೆ ಮುಗಿದು, ತೆರೆದು ನೋಡಿದರೆ ಫೈಲಿನ ಗಾತ್ರ ಸೊನ್ನೆ! ಬಫರಿನಲ್ಲಿರುವುದನ್ನು ಈಗಲೇ ಮುಂದಕ್ಕೆ ನೂಕು ಎನ್ನುವ ಆಜ್ಞೆಗೆ 'ಫ್ಲಶ್' ಎಂದು ಹೆಸರು. ಸ್ಟ್ರೀಮನ್ನು ಮುಚ್ಚುವ 'ಕ್ಲೋಸ್' ಮೆಥಡ್ ಈ ಬಗೆಯ ಸ್ಟ್ರೀಮ್‌ಗಳಲ್ಲಿ ತಾನೇ ಮೊದಲು ಫ್ಲಶ್ ಮಾಡಿಕೊಳ್ಳುತ್ತದೆ.

ನಲ್ಲಿಯ ಬಾಯಿಗೆ ಇನ್ನೊಂದು ನಲ್ಲಿ

ನಲ್ಲಿಯ ಬಾಯಿಗೆ ತಿರುಪಿ ಹಾಕುವ ಫಿಲ್ಟರ್‌ಗಳನ್ನು ನೋಡಿರುತ್ತೀರಿ. ಫಿಲ್ಟರಿನ ಒಂದು ತುದಿ ನಲ್ಲಿಗೆ ಕೂರುತ್ತದೆ. ಇನ್ನೊಂದು ತುದಿ ತಾನೇ ನಲ್ಲಿಯಂತೆ ಇರುತ್ತದೆ, ಆದ್ದರಿಂದ ಅದಕ್ಕೆ ಮತ್ತೊಂದು ಫಿಲ್ಟರನ್ನೂ ಹಾಕಬಹುದು. ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಮಾಡುವುದು ಇದನ್ನೇ. ಅದು ತಾನೂ ಒಂದು ಇನ್‌ಪುಟ್‌ಸ್ಟ್ರೀಮ್, ತನ್ನೊಳಗೂ ಒಂದು ಇನ್‌ಪುಟ್‌ಸ್ಟ್ರೀಮನ್ನು ಇಟ್ಟುಕೊಂಡಿರುತ್ತದೆ. ಹೊರಗಿನವರು 'ರೀಡ್' ಎಂದಾಗ ಅದು ಒಳಗಿನವನಿಗೆ 'ರೀಡ್' ಎಂದು ಹೇಳಿ, ಬಂದದ್ದಕ್ಕೆ ತನ್ನ ಕೈಚಳಕ ಸೇರಿಸಿ ಮುಂದಕ್ಕೆ ದಾಟಿಸುತ್ತದೆ. ಒಂದು ಆಬ್ಜೆಕ್ಟಿನ ಸುತ್ತ ಅದೇ ಜಾತಿಯ ಇನ್ನೊಂದು ಆಬ್ಜೆಕ್ಟನ್ನು ಸುತ್ತಿ ಹೊಸ ಗುಣ ಕೊಡುವ ಈ ವಿಧಾನಕ್ಕೆ ಡೆಕೋರೇಟರ್ ಪ್ಯಾಟರ್ನ್ ಎನ್ನುತ್ತಾರೆ.

ಇದರ ಲಾಭ ತಿಳಿಯಲು ಇದಿಲ್ಲದಿದ್ದರೆ ಏನಾಗುತ್ತಿತ್ತು ಎಂದು ನೋಡಬೇಕು. ಮೂಲಗಳು ಮೂರು: ಫೈಲ್, ನೆಟ್‌ವರ್ಕ್, ಮೆಮೊರಿ. ಗುಣಗಳು ಮೂರು: ಬಫರ್ ಮಾಡುವುದು, ಜಿಝಿಪ್ ಎಂಬ ವಿಧಾನದಲ್ಲಿ ಕುಗ್ಗಿಸಿಟ್ಟದ್ದನ್ನು ಬಿಡಿಸುವುದು, ಗೂಢಲಿಪಿ ಬಿಡಿಸುವುದು. ಗುಣಗಳ ಒಂದೊಂದು ಜೋಡಣೆಗೂ ಪ್ರತ್ಯೇಕ ಕ್ಲಾಸ್ ಬರೆಯಹೊರಟರೆ ಒಂದೊಂದು ಮೂಲಕ್ಕೆ 8ರಂತೆ ಒಟ್ಟು 24 ಕ್ಲಾಸುಗಳು ಬೇಕು. ಸುತ್ತುವ ವಿಧಾನದಲ್ಲಿ ಮೂರು ಮತ್ತು ಮೂರು, ಆರೇ ಸಾಕು. ಬೇಕಾದ್ದನ್ನು ಬೇಕಾದ ಕ್ರಮದಲ್ಲಿ ತಿರುಪಿಕೊಂಡರಾಯಿತು. ಕ್ರಮ ಮಾತ್ರ ಮುಖ್ಯ: ಮೊದಲು ಜಿಝಿಪ್ ಮಾಡಿ ಆಮೇಲೆ ಗೂಢಲಿಪಿಗೆ ಹಾಕಿದ್ದರೆ, ಓದುವಾಗ ಮೊದಲು ಗೂಢಲಿಪಿ ಬಿಡಿಸಿ ಆಮೇಲೆ ಜಿಝಿಪ್ ಬಿಡಿಸಬೇಕು. ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟವರು ಪೆಟ್ಟಿಗೆ ತೆರೆಯದೆ ಮಡಿಕೆ ಬಿಚ್ಚಲಾರರು.

ಹೊಸಬರಿಗೆ ಜಾವಾದ ಈ ಭಾಗ ಕಿರಿಕಿರಿ ಎನಿಸುವುದು ಸಹಜ. ಒಂದು ಫೈಲಿನಿಂದ ಒಂದು ಸಾಲು ಓದಲು ಮೂರು ಆಬ್ಜೆಕ್ಟುಗಳನ್ನು ಒಂದರೊಳಗೊಂದು ತೂರಿಸಬೇಕೇ ಎಂದು ನಾನೂ ಗೊಣಗಿದ್ದೇನೆ. ಪೈಥಾನ್‌ನಲ್ಲಿ 'ಓಪನ್' ಎಂದರೆ ಮುಗಿಯಿತು. ಆದರೆ ಪಠ್ಯಕ್ಕಾಗಿ ಹಾಗೆ ತೆರೆದಾಗ ಸಿಗುವ ಆಬ್ಜೆಕ್ಟಿನ ಒಳಗೆ ಇಣುಕಿದರೆ ಅಲ್ಲಿಯೂ ಮೂರು ಪದರಗಳಿವೆ: ಬರಿಯ ಬೈಟ್ ತರುವ ಫೈಲ್‌ಐಒ, ಅದರ ಸುತ್ತ ಬಫರ್ಡ್‌ರೀಡರ್, ಅದರ ಸುತ್ತ ಅಕ್ಷರಗಳನ್ನು ನೋಡಿಕೊಳ್ಳುವ ಟೆಕ್ಸ್ಟ್‌ಐಒರ‍್ಯಾಪರ್. ಜಾವಾ ನಮ್ಮ ಕೈಯಲ್ಲೇ ಮಾಡಿಸುವುದನ್ನು ಪೈಥಾನ್ ತೆರೆಮರೆಯಲ್ಲಿ ಮಾಡಿಕೊಳ್ಳುತ್ತದೆ, ಅಷ್ಟೇ.

ಬೈಟ್ ಬೇರೆ, ಅಕ್ಷರ ಬೇರೆ

ನೀರಿನ ಹೋಲಿಕೆ ಇಲ್ಲಿಗೆ ಸಾಕು, ಏಕೆಂದರೆ ಯಾವ ಹನಿ ಮೊದಲು ಬಿತ್ತು ಎಂಬುದರಿಂದ ನೀರಿನ ಅರ್ಥ ಬದಲಾಗುವುದಿಲ್ಲ. ಸ್ಟ್ರೀಮ್‌ನಲ್ಲಿ ಹರಿಯುವುದು ಸಂಖ್ಯೆಗಳು. ಆ ಸಂಖ್ಯೆಗಳ ಸಾಲಿಗೆ ಅಕ್ಷರದ ಅರ್ಥ ಕೊಡುವುದು ಎನ್‌ಕೋಡಿಂಗ್ ಎಂಬ ಒಪ್ಪಂದ. ಬರೆದವರೂ ಓದುವವರೂ ಒಂದೇ ಒಪ್ಪಂದವನ್ನು ಪಾಲಿಸಬೇಕು.

ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಒಂದೊಂದು ಸಂಖ್ಯೆಯಿದೆ. ಅದನ್ನು ಬೈಟ್‌ಗಳಾಗಿ ಬರೆಯುವ, ಇಂದು ಎಲ್ಲೆಡೆ ಚಾಲ್ತಿಯಲ್ಲಿರುವ ಪದ್ಧತಿ ಯುಟಿಎಫ್-8. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಕ, ನ, ಒತ್ತಿಗಾಗಿ ಬರುವ ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು. ಫೈಲಿನಲ್ಲಿ 15 ಬೈಟ್. 'ಕ' ಎಂಬುದು 224, 178, 149. 'ನ' ಎಂಬುದು 224, 178, 168. ಅರ್ಧಾಕ್ಷರದ ಚಿಹ್ನೆ 224, 179, 141. 'ಡ' ಎಂಬುದು 224, 178, 161.

ಜಾವಾದ ಮೊದಲ ಆವೃತ್ತಿ ಈ ವ್ಯತ್ಯಾಸವನ್ನು ಸರಿಯಾಗಿ ನಿಭಾಯಿಸಿರಲಿಲ್ಲ. 1997ರ 1.1 ಆವೃತ್ತಿಯಲ್ಲಿ ರೀಡರ್ ಮತ್ತು ರೈಟರ್ ಎಂಬ ಇನ್ನೊಂದು ವಂಶವೇ ಬಂತು. ಇನ್‌ಪುಟ್‌ಸ್ಟ್ರೀಮ್ ಬೈಟ್‌ಗಳನ್ನು ಕೊಡುತ್ತದೆ, ರೀಡರ್ ಅಕ್ಷರಗಳನ್ನು ಕೊಡುತ್ತದೆ. ಇವೆರಡರ ನಡುವಿನ ಸೇತುವೆ ಇನ್‌ಪುಟ್‌ಸ್ಟ್ರೀಮ್‌ರೀಡರ್: ಒಳಗೆ ಬೈಟ್ ಸ್ಟ್ರೀಮ್ ಇಟ್ಟುಕೊಂಡು, ನಾವು ಹೇಳಿದ ಒಪ್ಪಂದದ ಪ್ರಕಾರ ಅದನ್ನು ಅಕ್ಷರಗಳಾಗಿ ತಿರುಗಿಸಿ ಕೊಡುತ್ತದೆ.

ಈ ಸೇತುವೆಯ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. 8,192 ಬೈಟ್‌ಗಳ ಬಫರಿಗೆ, ನಡುವೆ ಜಾಗವೂ ಇಲ್ಲದ ಬರಿಯ ಕನ್ನಡ ಪಠ್ಯವನ್ನು ತುಂಬಿದ್ದೇವೆ ಎಂದುಕೊಳ್ಳಿ. 8,192 ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. 2,730 ಚಿಹ್ನೆಗಳಿಗೆ 8,190 ಬೈಟ್ ಹೋಗಿ, ಕೊನೆಯ ಎರಡು ಬೈಟ್‌ಗಳಲ್ಲಿ 2,731ನೆಯ ಚಿಹ್ನೆಯ ಮುಕ್ಕಾಲು ಪಾಲೂ ಇಲ್ಲದ ತುಂಡು ಸಿಕ್ಕಿಕೊಳ್ಳುತ್ತದೆ. ಪ್ರತಿ ಬಫರನ್ನೂ ಬೇರೆ ಬೇರೆಯಾಗಿ ಅಕ್ಷರಕ್ಕೆ ತಿರುಗಿಸುವ ಅವಸರದ ಪ್ರೋಗ್ರಾಮು ಆ ಗಡಿಯಲ್ಲಿ ಅಕ್ಷರವನ್ನು ಸೀಳಿಬಿಡುತ್ತದೆ. ಇನ್‌ಪುಟ್‌ಸ್ಟ್ರೀಮ್‌ರೀಡರ್ ಆ ಎರಡು ಬೈಟ್‌ಗಳನ್ನು ಬಿಸಾಡದೆ ಕೈಯಲ್ಲಿ ಹಿಡಿದುಕೊಂಡು, ಮುಂದಿನ ಕಂತಿನ ಮೊದಲ ಬೈಟ್ ಬಂದ ಮೇಲೆ ಮೂರನ್ನೂ ಸೇರಿಸಿ ಅಕ್ಷರ ಮಾಡುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ತಪ್ಪು ಎಂದೂ ಕಾಣಿಸುವುದಿಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಸೀಳಲು ಏನೂ ಇರುವುದಿಲ್ಲ.

ಒತ್ತು ಮತ್ತು ಕೊಂಬು

ಈಗ ದೇಣಿಗೆ ಪಟ್ಟಿಗೆ ಹಿಂದಿರುಗಬಹುದು. ನನ್ನ ಪ್ರೋಗ್ರಾಮಿನಲ್ಲಿ ಫೈಲ್‌ರೀಡರ್, ಫೈಲ್‌ರೈಟರ್ ಎಂಬ ಸಿದ್ಧ ಕ್ಲಾಸುಗಳನ್ನು ಬಳಸಿದ್ದೆ, ಎನ್‌ಕೋಡಿಂಗ್ ಯಾವುದೆಂದು ಎಲ್ಲಿಯೂ ಹೇಳಿರಲಿಲ್ಲ. ಹೇಳದಿದ್ದರೆ ಹಳೆಯ ಜಾವಾ ಆಯಾ ಕಂಪ್ಯೂಟರಿನ ರೂಢಿಯನ್ನು ಹಿಡಿಯುತ್ತಿತ್ತು. ನನ್ನ ಲ್ಯಾಪ್‌ಟಾಪಿನ ರೂಢಿ ಯುಟಿಎಫ್-8 ಆಗಿತ್ತು. ಸಮಿತಿಯ ಕಂಪ್ಯೂಟರಿನಲ್ಲಿ ಜಾವಾ 8 ಇತ್ತು, ಅದರ ವಿಂಡೋಸಿನ ರೂಢಿ ವಿಂಡೋಸ್-1252 ಎಂಬ ಪಶ್ಚಿಮ ಯೂರೋಪಿನ ಎನ್‌ಕೋಡಿಂಗ್. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಹಾಗಾಗಿ 'ಕ' ಎಂಬ ಒಂದು ಅಕ್ಷರವನ್ನು ಅದು ಮೂರಾಗಿ ಓದಿತು: ತಲೆಯ ಮೇಲೆ ಓರೆಗೀರಿರುವ ಲ್ಯಾಟಿನ್ 'ಎ', ಮೇಲೆತ್ತಿ ಬರೆದ ಪುಟಾಣಿ ಎರಡು, ಒಂದು ದಪ್ಪ ಚುಕ್ಕೆ.

ಓದಿದ್ದು ತಪ್ಪಾದರೂ ಬರೆದದ್ದೂ ಅದೇ ತಪ್ಪು ಒಪ್ಪಂದದಲ್ಲಿ. ಆ ಮೂರು ಲ್ಯಾಟಿನ್ ಚಿಹ್ನೆಗಳು ಮತ್ತೆ 224, 178, 149 ಆಗಿಯೇ ಹೊರಬಿದ್ದವು. ಎರಡು ತಪ್ಪು ಸೇರಿ ಸರಿಯಾಯಿತು. ರಮ, ಗೀತಾ, ಕಮಲ ಉಳಿದದ್ದು ಹೀಗೆ.

ಆದರೆ ವಿಂಡೋಸ್-1252ರ 256 ಸ್ಥಾನಗಳಲ್ಲಿ ಐದು ಸ್ಥಾನಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ: 129, 141, 143, 144 ಮತ್ತು 157. ಉಕಾರದ ಕೊಂಬಿನ ಬೈಟ್‌ಗಳು 224, 179, 129. ಒತ್ತಿಗೆ ಬೇಕಾದ ಅರ್ಧಾಕ್ಷರದ ಚಿಹ್ನೆ, ಮೇಲೆ ಕಂಡಂತೆ, 224, 179, 141. ಉಳಿದ ಮೂರರಲ್ಲಿ ಕೊನೆಗೊಳ್ಳುವವು ಏ, ಐ ಮತ್ತು ಝ. ಅಂಥ ಹೆಸರುಗಳು ನಮ್ಮ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಆ ಪೆಟ್ಟು ಕಣ್ಣಿಗೆ ಬೀಳಲಿಲ್ಲ. ಅರ್ಥವಿಲ್ಲದ ಬೈಟ್ ಬಂದಾಗ ರೀಡರ್ ಎಕ್ಸೆಪ್ಶನ್ ಎಸೆಯದೆ 'ಇಲ್ಲಿ ಏನೋ ಇತ್ತು' ಎಂದು ಸೂಚಿಸುವ ಬದಲಿ ಚಿಹ್ನೆಯನ್ನು ಇಡುತ್ತದೆ. ಬರೆಯುವಾಗ ವಿಂಡೋಸ್-1252ರಲ್ಲಿ ಆ ಬದಲಿ ಚಿಹ್ನೆಗೂ ಜಾಗವಿಲ್ಲ. ರೈಟರ್ ಅದರ ಬದಲು 63 ಎಂಬ ಬೈಟನ್ನು, ಅಂದರೆ ಮಾಮೂಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆಯುತ್ತದೆ. ಹೊರಬಂದ ಫೈಲಿನಲ್ಲಿ 'ಸುಮ'ಳ ಕೊಂಬು 224, 179, 63 ಆಗಿತ್ತು. ತೆರೆದು ನೋಡಿದಾಗ ಅನಾಥವಾದ 224, 179 ಕಪ್ಪು ವಜ್ರವಾಗಿ, 63 ಅದರ ಪಕ್ಕದ ಪ್ರಶ್ನಾರ್ಥಕವಾಗಿ ಕಾಣಿಸಿದವು.

'ಲಕ್ಷ್ಮಿ' ಎಂಬ ಹೆಸರಿಗೆ ಫೈಲಿನಲ್ಲಿ 21 ಬೈಟ್. ಹಾಳಾದ ಮೇಲೂ 21 ಬೈಟೇ. ಗಾತ್ರ ನೋಡಿ ಪತ್ತೆ ಹಚ್ಚುವಂತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, 224, 179, 63 ಎಂಬುದು ಮೊದಲು ಕೊಂಬಾಗಿತ್ತೋ ಒತ್ತಾಗಿತ್ತೋ ಎಂದು ಹೇಳಲು ಆ ಫೈಲಿನಲ್ಲಿ ಯಾವ ಗುರುತೂ ಉಳಿದಿರಲಿಲ್ಲ.

ಫೈಲ್‌ರೀಡರ್‌ಗೆ ಎನ್‌ಕೋಡಿಂಗ್ ಹೇಳುವ ಸೌಲಭ್ಯ ಬಂದದ್ದೇ 2018ರ ಜಾವಾ 11ರಲ್ಲಿ. 2022ರ ಜಾವಾ 18ರಿಂದ, ಏನೂ ಹೇಳದಿದ್ದರೆ ಎಲ್ಲ ಕಂಪ್ಯೂಟರಿನಲ್ಲೂ ಯುಟಿಎಫ್-8 ಎಂದೇ ಹಿಡಿಯಲಾಗುತ್ತದೆ. ಅದಕ್ಕಿಂತ ಹಳೆಯ ಜಾವಾ ಇರುವಲ್ಲಿ ಫೈಲ್‌ಇನ್‌ಪುಟ್‌ಸ್ಟ್ರೀಮ್‌ನ ಸುತ್ತ ಇನ್‌ಪುಟ್‌ಸ್ಟ್ರೀಮ್‌ರೀಡರ್ ಸುತ್ತಿ, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕು. ಬರೆಯುವ ಕಡೆ ಔಟ್‌ಪುಟ್‌ಸ್ಟ್ರೀಮ್‌ರೈಟರ್‌ಗೂ ಹಾಗೆಯೇ.

ಮುಚ್ಚುವುದು

ತೆರೆದ ಪ್ರತಿ ಫೈಲಿಗೂ ಆಪರೇಟಿಂಗ್ ಸಿಸ್ಟಮ್ ತನ್ನ ಕಡತದಲ್ಲಿ ಒಂದು ನಮೂದು ಇಟ್ಟುಕೊಂಡಿರುತ್ತದೆ, ಆ ನಮೂದುಗಳಿಗೆ ಮಿತಿಯಿದೆ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಮಿಗೆ ರೂಢಿಯ ಮಿತಿ 1,024. ತೆರೆಯುತ್ತಾ ಹೋಗಿ ಮುಚ್ಚದೇ ಬಿಟ್ಟ ಪ್ರೋಗ್ರಾಮು ಕೆಲವು ಗಂಟೆ ಚೆನ್ನಾಗಿ ನಡೆದು ಆಮೇಲೆ ಹೊಸ ಫೈಲ್ ತೆರೆಯಲಾರದೆ ನಿಲ್ಲುತ್ತದೆ. ಒಂದರೊಳಗೊಂದು ಸುತ್ತಿದ ಸ್ಟ್ರೀಮ್‌ಗಳಲ್ಲಿ ಎಲ್ಲಕ್ಕಿಂತ ಹೊರಗಿನದನ್ನು ಮುಚ್ಚಿದರೆ ಸಾಕು, ಅದು ಒಳಗಿನದನ್ನು, ಅದು ತನ್ನ ಒಳಗಿನದನ್ನು ಮುಚ್ಚಿಕೊಳ್ಳುತ್ತದೆ. ನಡುವೆ ಎಕ್ಸೆಪ್ಶನ್ ಬಂದರೂ ಮುಚ್ಚುವುದು ತಪ್ಪಬಾರದೆಂದು 2011ರ ಜಾವಾ 7ರಲ್ಲಿ 'ಟ್ರೈ ವಿತ್ ರಿಸೋರ್ಸಸ್' ಎಂಬ ವಾಕ್ಯರಚನೆ ಬಂತು. ಅದರ ಆವರಣದೊಳಗೆ ತೆರೆದದ್ದು ಆವರಣ ಮುಗಿಯುತ್ತಿದ್ದಂತೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪೈಥಾನ್‌ನ 'ವಿತ್' ಮಾಡುವುದೂ ಇದನ್ನೇ.

ಹೆಸರಿನ ಗೊಂದಲವೊಂದನ್ನು ಇಲ್ಲೇ ನಿವಾರಿಸಬೇಕು. 2014ರ ಜಾವಾ 8ರಲ್ಲಿ ಬಂದ, ಪಟ್ಟಿಗಳನ್ನು ಸೋಸಲು, ಮಾರ್ಪಡಿಸಲು ಬಳಸುವ 'ಸ್ಟ್ರೀಮ್' ಬೇರೆಯ ವಿಷಯ. ಅದು ಮೆಮೊರಿಯಲ್ಲಿರುವ ಆಬ್ಜೆಕ್ಟುಗಳ ಮೇಲೆ ಕೆಲಸ ಮಾಡುವ ಸಾಧನವೇ ಹೊರತು ಇಲ್ಲಿ ಹೇಳಿದ ಇನ್‌ಪುಟ್, ಔಟ್‌ಪುಟ್ ಸ್ಟ್ರೀಮ್‌ಗಳ ವಂಶದ್ದಲ್ಲ. ಸಂದರ್ಶನಗಳಲ್ಲಿ ಇದನ್ನು ಕೇಳಿದರೆ ಅದನ್ನು ಹೇಳಿ ಬಂದವರಿದ್ದಾರೆ.

ನಮ್ಮ ಪಟ್ಟಿಯ ಮೂಲ ಫೈಲಿನ ಮೇಲೆಯೇ ಬರೆಯದೆ ಬೇರೆ ಫೈಲಿಗೆ ಬರೆಸಿದ್ದು ಪುಣ್ಯವಾಯಿತು. ಓದುವ ಕಡೆ ಒಂದು, ಬರೆಯುವ ಕಡೆ ಒಂದು, ಹೀಗೆ ಎರಡೇ ಸಾಲು ತಿದ್ದಿ ಅದೇ ಹಳೆಯ ಕಂಪ್ಯೂಟರಿನಲ್ಲಿ ಮತ್ತೆ ನಡೆಸಿದೆ. ಹೆಸರುಗಳನ್ನು ಕಣ್ಣಾಡಿಸುವ ಮೊದಲು ಹೊಸ ಫೈಲಿನಲ್ಲಿ 63 ಎಂಬ ಬೈಟ್ ಎಷ್ಟಿವೆಯೆಂದು ಎಣಿಸಿದೆ. ಒಂದೂ ಇರಲಿಲ್ಲ.